ಕೆರಾಮತ್ ಬಿಗಿಸದೆ ಬಿಟ್ಟ ನಟ್ಟು

ನಮ್ಮ ಯಜ್ದ್ ಊರಿನಲ್ಲಿ ಇಬ್ಬರು ಗಂಡಸರು ಒಂದು ಬಾಗಿಲು ದಾಟುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಖಚಿತವಾಗಿ ಹೇಳುವವರು ಇನ್ನೂ ಹುಟ್ಟಿಲ್ಲ. ನೀವು ಮೊದಲು ಎಂದು ಇವನು, ಛೆ ಛೆ ತಾವು ಮೊದಲು ಎಂದು ಅವನು. ಒಮ್ಮೆ ನಮ್ಮ ಮಾವನ ಮನೆ ಬಾಗಿಲಲ್ಲಿ ನಾನೂ ನನ್ನ ಷಡ್ಡಕನೂ ಹೀಗೆ ನಿಂತು ನಿಂತು, ಒಳಗೆ ಅನ್ನದ ತಳ ಸೀದು ಇದ್ದಿಲಾಯಿತು. ತಳದ ಗರಿಗರಿ ಅನ್ನದ ಆಸೆಗೇ ಹೋದವರು ನಾವು. ಆದರೂ ಇಬ್ಬರಲ್ಲಿ ಯಾರೂ ಮರ್ಯಾದೆಗೆಟ್ಟವರು ಅನ್ನಿಸಿಕೊಳ್ಳಲಿಲ್ಲ. ಹಸಿದುಕೊಂಡು ಮನೆಗೆ ಬಂದೆವು, ಅಷ್ಟೆ.

ಈ ಉಪಚಾರಕ್ಕೆ ಒಂದು ಲೆಕ್ಕವಿದೆ. ಯಾರು ಏನು ಕೊಟ್ಟರೂ ಎರಡು ಸಲ ಬೇಡ ಅನ್ನಬೇಕು. ಕೊಡುವವನು ಮೂರನೇ ಸಲವೂ ಕೊಟ್ಟರೆ ಅವನ ಮನಸ್ಸಿನಲ್ಲಿ ನಿಜವಾಗಿ ಇದೆ ಎಂದರ್ಥ, ಆಗ ತೆಗೆದುಕೊಳ್ಳಬೇಕು. ಎರಡಕ್ಕೇ ನಿಲ್ಲಿಸಿದರೆ ಅದು ಬಾಯಿಮಾತು, ಇಬ್ಬರೂ ನಗುತ್ತ ಮನೆಗೆ ಹೋಗಬೇಕು. ಹಾಲುಹಲ್ಲಿನ ಮಕ್ಕಳಿಗೂ ಗೊತ್ತಿರುವ ಈ ಲೆಕ್ಕವನ್ನು ನಮ್ಮ ಗಲ್ಲಿಯ ಕೆರಾಮತ್ ಒಂದೇ ದಿನದಲ್ಲಿ ಎರಡು ಸಲ ತಪ್ಪಿಸಿದ. ಒಮ್ಮೆ ಒಂದು ಕಡಿಮೆ ಹೇಳಿದ, ಇನ್ನೊಮ್ಮೆ ಒಂದು ಹೆಚ್ಚು ಹೇಳಿದ. ಅದರ ಮಧ್ಯೆ ಒಬ್ಬ ಹಿರಿಯ ಮನುಷ್ಯನ ಜೀವ ಮತ್ತು ಒಂದು ಹೆಣ್ಣಿನ ಮದುವೆ ಸಿಕ್ಕಿಹಾಕಿಕೊಂಡವು.

ಕೆರಾಮತ್‌ನದು ನೀರಿನ ಕಚೇರಿಯಲ್ಲಿ ಮನೆಮನೆಗೆ ಹೋಗಿ ಮೀಟರ್ ಓದುವ ಕೆಲಸ. ಇಪ್ಪತ್ತೆಂಟು ವರ್ಷ ಮೀಟರ್ ಓದಿ ಓದಿ ಜಗತ್ತಿನ ಎಲ್ಲ ಯಂತ್ರಗಳೂ ತನಗೆ ಓದಲು ಬರುತ್ತವೆ ಎಂಬ ನಂಬಿಕೆ ಅವನಲ್ಲಿ ಬೆಳೆದಿತ್ತು. ಹೋದ ಬೇಸಿಗೆಯಲ್ಲಿ ಅವನು ಮಾಳಿಗೆಯ ಮೇಲಿನ ಕೂಲರ್ ಬಿಚ್ಚಿ ಜೋಡಿಸಿದ ಮೇಲೆ, ಅದು ತಂಪು ಮಾಡುವುದನ್ನು ಬಿಟ್ಟು ಪಕ್ಕದ ಮನೆಯ ಅಂಗಳಕ್ಕೆ ನೀರು ಸುರಿಸತೊಡಗಿತು. ಪಕ್ಕದ ಮನೆಯವರು ಬಂದು, ನಮ್ಮ ದಾಳಿಂಬೆ ಗಿಡಕ್ಕೆ ಬಹಳ ಒಳ್ಳೆಯದಾಯಿತು, ನಿಮ್ಮ ಕೈ ನೋಯದಿರಲಿ ಎಂದು ಹೇಳಿಹೋದರು. ಎಲ್ಲರೂ ಹೀಗೆ ಹೇಳುತ್ತಿದ್ದರೆ ಮನುಷ್ಯನಿಗೆ ಬುದ್ಧಿ ಬರುವುದು ಎಲ್ಲಿಂದ? ಕೆರಾಮತ್ ಮರುದಿನ ಕಚೇರಿಯಲ್ಲಿ, ನಾನು ರಿಪೇರಿಗೆ ಹೊರಗಿನವರನ್ನು ಕರೆಯುವವನೇ ಅಲ್ಲ ಎಂದು ಸಾರಿದ್ದ.

ನಾನು ರಜಬ್, ಅವನ ಎದುರುಮನೆಯ ದರ್ಜಿ. ಹೊಸ್ತಿಲ ಪಕ್ಕದಲ್ಲೇ ನನ್ನ ಹೊಲಿಗೆ ಯಂತ್ರ. ಗಲ್ಲಿಯಲ್ಲಿ ನಡೆಯುವುದೆಲ್ಲ ನನ್ನ ಕಣ್ಣೆದುರೇ ನಡೆಯುತ್ತದೆ, ನಾನೇನೂ ಇಣುಕಿ ನೋಡುವವನಲ್ಲ. ಯಂತ್ರದ ಪಟ್ಟಿ ಜಾರಿದಾಗಲೆಲ್ಲ ಬಂದು ಸರಿಮಾಡಿಕೊಡುವವಳು ಕೆರಾಮತ್‌ನ ಮಗಳು ಮಾಹ್‌ರೊಖ್. ಅಪ್ಪನಿಗೆ ಹೇಳಬೇಡಿ, ನೊಂದುಕೊಳ್ಳುತ್ತಾರೆ ಎಂದು ಪ್ರತಿ ಸಲವೂ ಹೇಳಿಹೋಗುತ್ತಾಳೆ. ಆ ಶುಕ್ರವಾರ ಅವಳನ್ನು ಕೇಳಲು ಗಂಡಿನ ಕಡೆಯವರು ಬರುವವರಿದ್ದರು.

ಗಂಡಿನ ತಂದೆ ಹಾಜಿ ಸಫ್ದರ್ ಅಂದರೆ ತಫ್ತ್ ಕಡೆಯ ತೋಟಗಳ ಯಜಮಾನ, ಬಿಗಿಯಾದ ಮನುಷ್ಯ. ಮಾತು ಕಡಿಮೆ, ಹುಬ್ಬು ಜಾಸ್ತಿ. ಹಿಂದೆ ಎರಡು ಕಡೆ ಹೆಣ್ಣು ಕೇಳಲು ಹೋಗಿ, ಒಂದು ಕಡೆ ಚಹಾ ತಣ್ಣಗಿತ್ತು ಎಂದೂ ಇನ್ನೊಂದು ಕಡೆ ಹೆಣ್ಣಿನ ಅಪ್ಪ ಸುಳ್ಳು ಹೇಳಿದ ಎಂದೂ ಎದ್ದು ಬಂದವರು. ಮಾಹ್‌ರೊಖ್‌ಗೆ ಅವರ ಮಗ ಮೊಯಿನ್ ಮನಸ್ಸಿಗೆ ಹಿಡಿಸಿದ್ದ. ಇದು ಕೆರಾಮತ್‌ಗೂ ಅವನ ಹೆಂಡತಿ ತೂಬಾಗೂ ಗೊತ್ತಿತ್ತು, ಆದ್ದರಿಂದ ಮೂರು ದಿನದಿಂದ ಆ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ.

ಬೆಳಗ್ಗೆ ನೋಡಿದರೆ ಕೆರಾಮತ್‌ನ ಕೆಂಪು ಬೈಕಿನ ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿತ್ತು. ಶುಕ್ರವಾರ ರಜೆ, ಪಂಕ್ಚರ್ ಅಂಗಡಿ ಮುಚ್ಚಿತ್ತು. ತೂಬಾ, ಬೀಗರು ಬರುವ ದಿನ ಅದು ಒಂದು ಮೂಲೆಯಲ್ಲಿ ಬಿದ್ದಿರಲಿ ಅಂದಳು. ಕೆರಾಮತ್, ಬಾಗಿಲಲ್ಲಿ ಗಾಳಿಯಿಲ್ಲದ ಚಕ್ರ ಕಂಡರೆ ಮನೆಯ ಮರ್ಯಾದೆ ಏನಾಗಬೇಕು ಎಂದು ತೋಳು ಮಡಚಿದ. ಗಲ್ಲಿಯ ಮಧ್ಯೆ ಹಳೆಯ ಕಂಬಳಿ ಹಾಸಿ, ಬೈಕನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿ, ನಟ್ಟು ಬಿಚ್ಚಿ, ಎಕ್ಸಲ್ ಎಳೆದು, ಚಕ್ರ ಕಳಚಿ, ಟ್ಯೂಬಿಗೆ ಪ್ಯಾಚ್ ಅಂಟಿಸಿದ. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನಿಜ ಹೇಳುತ್ತೇನೆ, ಪ್ಯಾಚ್ ಚೆನ್ನಾಗಿಯೇ ಕೂತಿತ್ತು. ಚಕ್ರವನ್ನು ಮರಳಿ ಕೂರಿಸಿ, ಎಕ್ಸಲ್ ತೂರಿಸಿ, ನಟ್ಟನ್ನು ಬೆರಳಿನಿಂದ ಹೋದಷ್ಟು ತಿರುಗಿಸಿ, ಅದರ ಬಾಯಿಗೆ ಅಡ್ಡ ಹಾಕುವ ಪಿನ್ನನ್ನು ಎಲ್ಲಿಯೂ ಕಳೆಯದಿರಲಿ ಎಂದು ಅಂಗಿಯ ಜೇಬಿಗೆ ಹಾಕಿಕೊಂಡು, ಸ್ಪ್ಯಾನರ್ ಎತ್ತಿಕೊಂಡ. ಸರಿಯಾಗಿ ಆ ಹೊತ್ತಿಗೆ ಕಂಕುಳಲ್ಲಿ ರೊಟ್ಟಿ ಇಟ್ಟುಕೊಂಡು ಉಸ್ತಾದ್ ಬರಾತಲಿ ಬಂದರು.

ಉಸ್ತಾದರು ನಲವತ್ತು ವರ್ಷ ಲಾರಿ ರಿಪೇರಿ ಮಾಡಿ ಕೈ ತೊಳೆದುಕೊಂಡವರು. ಅವರ ಎದುರಿನಲ್ಲಿ ನಮ್ಮ ಗಲ್ಲಿಯಲ್ಲಿ ಯಾರೂ ಬಾಟಲಿಯ ಮುಚ್ಚಳವನ್ನೂ ಬಿಗಿಸುವುದಿಲ್ಲ. ಕೆರಾಮತ್ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಸ್ಪ್ಯಾನರನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ.

"ಉಸ್ತಾದ್, ನೀವು ಇರೋವಾಗ ನಾನು ಬಿಗಿಸೋದಾ? ಕೊನೇ ತಿರುವು ನಿಮ್ಮ ಕೈದೇ ಆಗ್ಬೇಕು."

"ಎಲ್ಲಾದ್ರೂ ಇದೆಯೇನಪ್ಪಾ," ಅಂದರು ಉಸ್ತಾದರು. "ನಿನ್ನ ಬಾಗಿಲು, ನಿನ್ನ ಗಾಡಿ. ನಾನು ಕೈ ಹಾಕಿದ್ರೆ ಕೆರಾಮತ್ ಕೆಲಸ ಸಾಲಲಿಲ್ಲ, ಮುದುಕ ಬಂದು ಸರಿಮಾಡಿದ ಅಂತ ನಾಳೆ ಜನ ಆಡ್ಕೋತಾರೆ. ಆ ಪಾಪ ನಂಗ್ಯಾಕೆ?"

ಇದು ಮೊದಲನೆಯ ಸುತ್ತು. ಎರಡನೆಯ ಸುತ್ತಿನಲ್ಲಿ ಕೆರಾಮತ್ ತಾನು ಉಸ್ತಾದರ ಕಾಲಿನ ಧೂಳು ಎಂದ. ಉಸ್ತಾದರು, ಆ ಧೂಳು ನನ್ನ ಕಣ್ಣಿಗೆ ಕಾಡಿಗೆ ಎಂದರು. ಸ್ಪ್ಯಾನರ್ ಇವನ ಕೈಯಿಂದ ಅವರ ಕೈಗೂ ಅವರ ಕೈಯಿಂದ ಇವನ ಕೈಗೂ ಹೋಗಿ ಬಂದು, ಕೊನೆಗೆ ಉಸ್ತಾದರ ಕೈಯಲ್ಲಿ ನಿಂತಿತ್ತು. ಇನ್ನು ಮೂರನೆಯದೊಂದು ಬಾಕಿ. ಅಷ್ಟರಲ್ಲಿ ತೂಬಾ ಬಾಗಿಲಿನಿಂದ ಕೂಗಿದಳು. ಬೀಗರು ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆಯೇ ಗಲ್ಲಿಯ ಬಾಯಿಗೆ ಬಂದು ಕಾರಿನಿಂದ ಇಳಿಯುತ್ತಿದ್ದರು.

ಕೆರಾಮತ್ ಕೈ ತೊಳೆಯಲು ಒಳಗೆ ಓಡಿದ. ಸ್ಪ್ಯಾನರ್ ಉಸ್ತಾದರ ಕೈಯಲ್ಲಿದೆ, ಅಂದಮೇಲೆ ಅವರು ಬಿಗಿಸುತ್ತಾರೆ ಎಂಬುದು ಅವನ ಲೆಕ್ಕ. ಮೂರನೇ ಸಲ ಕೇಳಲಿಲ್ಲ, ಅಂದಮೇಲೆ ಕೆರಾಮತ್ ತಾನೇ ಬಂದು ಬಿಗಿಸಿಕೊಳ್ಳುತ್ತಾನೆ ಎಂಬುದು ಉಸ್ತಾದರ ಲೆಕ್ಕ. ಅವರು ಸ್ಪ್ಯಾನರನ್ನು ಮೃದುವಾಗಿ ಸೀಟಿನ ಮೇಲಿಟ್ಟು, ರೊಟ್ಟಿ ಆರುವ ಮೊದಲು ಮನೆಗೆ ಹೊರಟುಹೋದರು. ಇದನ್ನೆಲ್ಲ ನಾನು ನೋಡಿದೆ. ಹೇಳಬಹುದಿತ್ತು ಎಂದು ನೀವು ಅನ್ನಬಹುದು. ಆದರೆ ಹೇಳಿದರೆ ಒಂದೇ ಮಾತಿನಲ್ಲಿ ಇಬ್ಬರಿಗೂ ಅವಮಾನ. ನಾನು ಕಾಲರ್ ಹೊಲಿಯುತ್ತ ಕೂತೆ.

ಸ್ವಲ್ಪ ಹೊತ್ತಿಗೆ ನನಗೂ ಬುಲಾವು ಬಂತು, ನೆರೆಯವನೊಬ್ಬ ಇರಲಿ ಎಂದು. ಒಳಗೆ ಹಾಜಿ ಸಫ್ದರ್ ದಿಂಬಿಗೆ ಒರಗಿ ಕೂತಿದ್ದರು, ಪಕ್ಕದಲ್ಲಿ ಅವರ ಹೆಂಡತಿ, ಬಾಗಿಲ ಬಳಿ ಮೊಯಿನ್. ಮಾಹ್‌ರೊಖ್ ಚಹಾ ತಂದಳು. ಬಿಸಿಯಾಗಿತ್ತು, ದೇವರು ದೊಡ್ಡವನು. ಕೆರಾಮತ್ ಪ್ರತಿಯೊಬ್ಬರಿಗೂ ಬಗ್ಗಿ ಬಗ್ಗಿ ಸಕ್ಕರೆ ಉಂಡೆ ಕೊಡುವಾಗ ಎಡ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಮಗಳನ್ನು ಕೊಟ್ಟುಬಿಡುವ ಸಂಕಟ ಎಂದುಕೊಂಡು ಕಣ್ಣಲ್ಲಿ ನೀರು ತಂದುಕೊಂಡ. ಅದು ಜೇಬಿನ ಪಿನ್ನು.

ಬರುವಾಗ ಬಾಗಿಲಲ್ಲಿ ಕೆಂಪು ಬೈಕ್ ನೋಡಿದೆ ಎಂದು ಹಾಜಿ ಬಾಯಿ ತೆರೆದರು. ತಮ್ಮ ಪ್ರಾಯದಲ್ಲಿ ತಮ್ಮದೂ ಅಂಥದ್ದೇ ಇತ್ತಂತೆ. ಕೆರಾಮತ್‌ಗೆ ಅಷ್ಟು ಸಾಕಾಯಿತು. ಬೆಳಗ್ಗೆ ತಾನೇ ಚಕ್ರ ಬಿಚ್ಚಿ, ಪಂಕ್ಚರ್ ಹಾಕಿ, ಮತ್ತೆ ಕೂರಿಸಿದ್ದನ್ನು ನಟ್ಟು ನಟ್ಟಾಗಿ ವರ್ಣಿಸಿದ. ಹಾಜಿಯ ಹುಬ್ಬುಗಳು ಮೊದಲ ಸಲ ಕೆಳಗಿಳಿದವು. "ತನ್ನ ಕೆಲಸ ತಾನೇ ಮಾಡ್ಕೊಳ್ಳೋ ಮನೆ. ನಾನು ಹುಡುಕ್ತಿದ್ದದ್ದು ಇಂಥ ಮನೇನೇ," ಅಂದರು. ಕೆರಾಮತ್‌ನ ಮುಖ ದಾಳಿಂಬೆಯಂತೆ ಅರಳಿತು. ಮಾಹ್‌ರೊಖ್ ತಟ್ಟೆ ಎತ್ತಿಕೊಂಡು ಒಳಗೆ ಹೋಗುವಾಗ ನನ್ನ ಕಡೆ ನೋಡಿದಳು, ನಾನು ಕಾರ್ಪೆಟ್ಟಿನ ಹೂವು ಎಣಿಸಿದೆ.

ಆಗ ಹಾಜಿಯ ಹೆಂಡತಿ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಮಿಠಾಯಿ ಮರೆತು ಬಂದಿದ್ದರು. ದೊಡ್ಡ ಚೌಕದ ಅಂಗಡಿಯಲ್ಲಿ ಕೊತ್ತಾಬ್ ಕಟ್ಟಿಸಿಟ್ಟದ್ದು ಅಲ್ಲಿಯೇ ಉಳಿದಿತ್ತು. ಹೆಣ್ಣು ಕೇಳಲು ಬರಿಗೈಯಲ್ಲಿ ಬಂದಂತಾಯಿತಲ್ಲ ಎಂದು ಹಾಜಿ ಕೆಂಪಾದರು. ಮೊಯಿನ್ ತರುತ್ತೇನೆಂದು ಎದ್ದ. ಆದರೆ ಗಲ್ಲಿಯ ಬಾಯಲ್ಲಿ ಅವರ ಕಾರಿನ ಹಿಂದೆ ಯಾರೋ ಇಟ್ಟಿಗೆಯ ಲಾರಿ ನಿಲ್ಲಿಸಿ ಊಟಕ್ಕೆ ಹೋಗಿದ್ದರು.

"ನಮ್ಮ ಬೈಕ್ ಇದೆಯಲ್ಲ ಹಾಜಿಯವರೇ," ಅಂದ ಕೆರಾಮತ್. "ನಿಮ್ಮ ಯೋಗ್ಯತೆಗೆ ತಕ್ಕದ್ದಲ್ಲ, ಆದ್ರೂ ಅದು ನಿಮ್ಮದೇ."

ಹಾಜಿ ಕೃತಜ್ಞತೆ ಹೇಳಿ ಬೇಡವೆಂದರು. ಕೆರಾಮತ್ ಇನ್ನೊಮ್ಮೆ ಹೇಳಿದ. ಹಾಜಿ, ನಿಮ್ಮ ನೆರಳು ಕಡಿಮೆಯಾಗದಿರಲಿ, ಹುಡುಗ ನಡೆದು ಹೋಗಿಬರುತ್ತಾನೆ ಎಂದರು. ಇಲ್ಲಿಗೆ ನಿಲ್ಲಿಸಬೇಕಾಗಿತ್ತು. ಗೋಡೆಗೆ ಒರಗಿದ್ದ ನನಗೂ ಗೊತ್ತಿತ್ತು, ಪರದೆಯ ಹಿಂದಿನ ತೂಬಾಗೂ ಗೊತ್ತಿತ್ತು. ಆದರೆ ಹೊಗಳಿಕೆ ಏರಿದ ಮನುಷ್ಯನಿಗೆ ಎಣಿಕೆ ಎಲ್ಲಿ ನೆನಪಿರುತ್ತದೆ? "ನನ್ನ ಕೈಯಾರೆ ಕೂರಿಸಿದ ಚಕ್ರ ಹಾಜಿಯವರೇ. ನೀವು ಓಡಿಸಿದ್ರೆ ಅದಕ್ಕೇ ಗೌರವ," ಎಂದುಬಿಟ್ಟ.

"ಇಷ್ಟು ಹೇಳ್ತೀರಿ ಅಂದ್ಮೇಲೆ," ಎಂದು ಹಾಜಿ ಎದ್ದರು. ಹೊರಗೆ ಹೋಗಿ, ಸೀಟಿನ ಮೇಲಿದ್ದ ಸ್ಪ್ಯಾನರನ್ನು ಕಿಟಕಿಯ ಮೇಲಿಟ್ಟು, ಒಂದೇ ಒದೆತಕ್ಕೆ ಬೈಕ್ ಶುರುಮಾಡಿ, ಇಪ್ಪತ್ತು ವರ್ಷದವನ ಹಾಗೆ ಮೂಲೆ ತಿರುಗಿ ಮಾಯವಾದರು. ಕೆರಾಮತ್ ಬಾಗಿಲಲ್ಲಿ ನಿಂತು ಕೈಬೀಸಿದ.

ಬೀಸಿದ ಕೈ ಇಳಿಯುವ ಮೊದಲೇ ಉಸ್ತಾದ್ ಬರಾತಲಿ ಹೊಸ ಕೋಟು ತೊಟ್ಟು, ಹಿರಿಯರ ಜಾಗದಲ್ಲಿ ಕೂರಲು ಬಂದರು. ಕೆರಾಮತ್ ಅವರನ್ನು ಅಪ್ಪಿಕೊಂಡು, ನಿಮ್ಮ ಕೈ ನೋಯದಿರಲಿ, ನಟ್ಟು ಬಿಗಿಸಿ ಉಪಕಾರ ಮಾಡಿದಿರಿ ಎಂದ.

"ಯಾವ ನಟ್ಟು?" ಅಂದರು ಉಸ್ತಾದರು. "ಅದನ್ನ ನಿನಗೇ ಬಿಟ್ಟಿದ್ದೆನಲ್ಲಪ್ಪಾ."

ಕೆರಾಮತ್‌ನ ಕೈ ತಾನಾಗಿ ಎದೆಯ ಜೇಬಿಗೆ ಹೋಯಿತು. ಪಿನ್ನು ಸಿಕ್ಕಿತು. ಅವನ ಮುಖದ ಬಣ್ಣ ಇಳಿದ ಬಗೆಯನ್ನು ವರ್ಣಿಸಲಾರೆ, ಒಗೆದ ಅಸ್ತರಿನ ಬಟ್ಟೆ ಮಾತ್ರ ನನಗೆ ನೆನಪಾಯಿತು. ಬೆರಳಲ್ಲಿ ತಿರುಗಿಸಿದ ನಟ್ಟು ಎಷ್ಟು ದೂರ ಬರುತ್ತದೆ ಎಂದು ಉಸ್ತಾದರನ್ನು ಕೇಳಿದ. ಅವರು ಆಕಾಶ ನೋಡಿ, ಕೆಲವು ಒಂದು ಮೈಲಿ ಬರುತ್ತವೆ, ಕೆಲವು ಒಂದು ಗುಂಡಿ ಸಿಗುವವರೆಗೆ ಎಂದರು. ನಮ್ಮ ಊರಿನಲ್ಲಿ ಗುಂಡಿ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಒಳಗೆ ಹೋಗಿ ಹೇಳುವುದು ಸಾಧ್ಯವಿರಲಿಲ್ಲ. ಹಾಜಿಯ ಹೆಂಡತಿಗೆ ಏನೆಂದು ಹೇಳುವುದು? ನಿಮ್ಮ ಯಜಮಾನರನ್ನು ಕಳಚುವ ಚಕ್ರದ ಮೇಲೆ ಕೂರಿಸಿ ಕಳಿಸಿದ್ದೇವೆ, ಚಹಾ ಇನ್ನೊಂದು ಲೋಟ ಕೊಡಲೇ ಎಂದೇ? ಕೆರಾಮತ್ ಐಸು ತರುತ್ತೇನೆಂದು ಪರದೆಯ ಕಡೆ ಕೂಗಿ, ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಹಾರಿ ಕೂತ. ಸೈಕಲ್ ನನ್ನದು, ತೂಕ ಅವನದು, ಏರು ದೇವರದು. ಹಿಂದೆ ಕೂತು ಅವನು ದಾರಿಯುದ್ದಕ್ಕೂ ಹಾಜಿಗೆ ಆಯುಷ್ಯ ಕೊಡು ಎಂದು ಬೇಡಿಕೊಳ್ಳುತ್ತಿದ್ದ. ನನ್ನ ಮೊಣಕಾಲಿನ ಬಗ್ಗೆ ಒಂದು ಮಾತೂ ಬೇಡಿಕೊಳ್ಳಲಿಲ್ಲ.

ಮೊದಲು ಸಿಕ್ಕಿದ ಕಿರಾಣಿಯವನು, ಕೆಂಪು ಬೈಕ್ ನೋಡಿದೆ, ಒಳಗೆ ಬನ್ನಿ, ಒಂದು ಲೋಟ ಶರಬತ್ತು ಕುಡಿದರೆ ಹೇಳುತ್ತೇನೆ ಎಂದ. ಎರಡು ಸಲ ಬೇಡ ಎಂದು, ಮೂರನೆಯದು ಬರುವ ಮೊದಲೇ ಪೆಡಲ್ ತುಳಿದೆವು. ಮಿಠಾಯಿ ಅಂಗಡಿ ಮುಟ್ಟುವ ಹೊತ್ತಿಗೆ ಹಾಜಿ ಡಬ್ಬಿ ತೆಗೆದುಕೊಂಡು ಹೊರಟಾಗಿತ್ತು. ಸೀದಾ ಗಲ್ಲಿಗೆ ಬರಲಿಲ್ಲವಂತೆ. ಗಾಡಿ ಬಹಳ ಚೆನ್ನಾಗಿ ಓಡ್ತಾ ಇದೆ, ಒಂದು ಸುತ್ತು ಹೊಡೆದು ಬರ್ತೀನಿ ಎಂದು ಹೇಳಿ ಗಡಿಯಾರದ ಚೌಕದ ಕಡೆ ಹೋದರಂತೆ. ಕೆರಾಮತ್ ಅಂಗಡಿಯ ಕಂಬ ಹಿಡಿದುಕೊಂಡ.

ಮುಂದಿನ ತಿರುವಿನಲ್ಲಿ ಸಂಚಾರಿ ಪೊಲೀಸನೊಬ್ಬ ನಿಂತಿದ್ದ, ಕೈಯಲ್ಲಿ ವಾಕಿಟಾಕಿ. ಕೆರಾಮತ್ ಸೈಕಲ್ಲಿನಿಂದ ಅವನ ಕಾಲ ಬಳಿಯೇ ಇಳಿದ.

"ಸ್ವಾಮಿ, ಒಂದು ಕೆಂಪು ಬೈಕ್ ನಿಲ್ಲಿಸ್ಬೇಕು. ಹಿಂದಿನ ಚಕ್ರ..."

"ಏನಾಗಿದೆ ಚಕ್ರಕ್ಕೆ? ಯಾವ ಮೆಕ್ಯಾನಿಕ್ ಹಾಕಿದ್ದು? ಹೆಸರು ಹೇಳಿ, ಅಂಗಡಿ ಮುಚ್ಚಿಸಿಬಿಡ್ತೀನಿ."

ಕೆರಾಮತ್ ಅಂಗೈಯಿಂದ ಎದೆಯ ಜೇಬು ಮುಚ್ಚಿಕೊಂಡ. "ಚಕ್ರ ಚೆನ್ನಾಗೇ ಇದೆ," ಅಂದ.

"ಮತ್ತೆ? ಗಾಡಿ ಕಳುವಾಯ್ತಾ?"

"ಕಳುವಾಗಲಿಲ್ಲ. ಕೊಟ್ಟೆ."

"ಕೊಟ್ಟ ಮೇಲೆ ನಿಲ್ಲಿಸೋದು ಯಾಕೆ?"

"ಕೊಟ್ಟೆ ಸ್ವಾಮಿ. ತಗೊಂಡು ಹೋಗ್ತಾರೆ ಅಂತ ಗೊತ್ತಿರಲಿಲ್ಲ."

ಬೇರೆ ಊರಿನ ಪೊಲೀಸನಾಗಿದ್ದರೆ ನಮ್ಮಿಬ್ಬರನ್ನು ಒಳಗೆ ಹಾಕುತ್ತಿದ್ದ. ಇವನು ನಮ್ಮ ಊರಿನವನೇ. ಅವನ ಮುಖ ಮೆತ್ತಗಾಯಿತು. ಅವನ ಭಾವ ಹೀಗೆಯೇ ಎರಡು ವರ್ಷದ ಹಿಂದೆ, ಇವನು ಬಾಯಿಮಾತಿಗೆ ನಿಮ್ಮದೇ ಎಂದ ರತ್ನಗಂಬಳಿಯನ್ನು ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಹೋಗಿದ್ದನಂತೆ, ಇವತ್ತಿನವರೆಗೂ ಹಿಂದೆ ಬಂದಿಲ್ಲವಂತೆ. ಇಂಥವರನ್ನು ಬಿಡಬಾರದು ಎಂದು ವಾಕಿಟಾಕಿ ಬಾಯಿಗಿಟ್ಟ. ಕೆಂಪು ಬೈಕು, ಬಿಳಿ ಗಡ್ಡ, ಕಂದು ಕೋಟು, ಜೊತೆಗೆ ಮಿಠಾಯಿ ಡಬ್ಬಿ, ಮೋಸದಿಂದ ಗಾಡಿ ಹೊಡೆದುಕೊಂಡು ಹೋಗಿದ್ದಾನೆ, ಕಂಡ ಕೂಡಲೇ ಹಿಡಿಯಿರಿ. ನಾನು ಬಾಯಿ ತೆರೆದೆ. ಆದರೆ ಸಮವಸ್ತ್ರದಲ್ಲಿರುವವನನ್ನು ನಾಲ್ಕು ಜನರ ಮುಂದೆ ತಿದ್ದುವುದು ಹೇಗೆ? ಮುಚ್ಚಿದೆ.

ಕೆರಾಮತ್ ಮಾತ್ರ ನಿಟ್ಟುಸಿರು ಬಿಟ್ಟ. "ನಿಲ್ಲಿಸಿದ್ರೆ ಸಾಕು ರಜಬ್. ಬದುಕಿರ್ತಾರೆ," ಅಂದ. ಅವನ ಕಣ್ಣು ಒದ್ದೆಯಾಗಿತ್ತು, ಈ ಸಲ ಪಿನ್ನು ಚುಚ್ಚಿರಲಿಲ್ಲ. ನನಗೆ ಅವನನ್ನು ನೋಡಿ ಅಯ್ಯೋ ಅನ್ನಿಸಿತು.

ಗಡಿಯಾರದ ಚೌಕಕ್ಕೆ ನಾವು ಏದುಸಿರು ಬಿಡುತ್ತ ಮುಟ್ಟಿದಾಗ ಅಲ್ಲಿ ಜನ ಸೇರಿದ್ದರು. ನಡುವೆ ಬೈಕು ಸ್ಟ್ಯಾಂಡ್ ಹಾಕಿ ನಿಂತಿತ್ತು. ಅದರ ಪಕ್ಕ ಹಾಜಿ ಸಫ್ದರ್ ಮಿಠಾಯಿ ಡಬ್ಬಿಯನ್ನು ಎದೆಗೆ ಅವಚಿಕೊಂಡು, ಇಬ್ಬರು ಪೊಲೀಸರ ಮಧ್ಯೆ ಕಂಬದ ಹಾಗೆ ನಿಂತಿದ್ದರು. ಜೀವಂತವಾಗಿದ್ದರು. ಆದರೆ ಅವರ ಹುಬ್ಬುಗಳನ್ನು ನೋಡಿದ ಮೇಲೆ, ಇವರು ಬದುಕಿರುವುದು ನಮಗೆ ಅಷ್ಟೇನೂ ಕ್ಷೇಮವಲ್ಲ ಅನ್ನಿಸಿತು. ಮಗನಿಗೆ ಫೋನ್ ಮಾಡಿದ್ದರು. ಇಟ್ಟಿಗೆಯ ಲಾರಿ ಅಷ್ಟರಲ್ಲಿ ಕದಲಿತ್ತೆಂದು ಕಾಣುತ್ತದೆ, ಮೊಯಿನ್‌ನ ಕಾರು ನಮ್ಮ ಹಿಂದೆಯೇ ಬಂದು ನಿಂತಿತು. ಮುಂದಿನ ಸೀಟಿನಿಂದ ಉಸ್ತಾದರು ಸ್ಪ್ಯಾನರ್ ಸಮೇತ ಇಳಿದರು, ಹಿಂದಿನಿಂದ ಇಬ್ಬರು ಬೀಗಿತ್ತಿಯರೂ ಮಾಹ್‌ರೊಖ್‌ಳೂ ಇಳಿದರು.

ಚೌಕದ ಅಧಿಕಾರಿ ನಿಧಾನಸ್ಥ. ಎಲ್ಲರನ್ನೂ ಒಮ್ಮೆ ನೋಡಿ, ಕೆರಾಮತ್‌ನನ್ನು ಕೇಳಿದ. ಗಾಡಿ ನೀನು ಕೊಟ್ಟೆಯೋ ಇಲ್ಲವೋ?

"ಮೂರು ಸಲ ಕೊಟ್ಟರು," ಅಂದರು ಹಾಜಿ. "ಎರಡು ಸಲ ನಾನು ಬೇಡ ಅಂದೆ. ಈ ದರ್ಜಿ ಅಲ್ಲೇ ಕೂತಿದ್ದ, ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಮೂರು ಸಲ ಎಂದು ನಾನು ಒಪ್ಪಿಕೊಂಡೆ. ಮೂರು ಎಂದ ಕೂಡಲೇ ಜನರಲ್ಲಿ ಗುಜುಗುಜು ಎದ್ದಿತು. ಅಧಿಕಾರಿಯೂ ತಲೆಯಾಡಿಸಿದ. ಮೂರಾದ ಮೇಲೆ ಕಾನೂನು ಏನು ಮಾಡೀತು?

ಹಾಜಿ ಕೆರಾಮತ್‌ನ ಹತ್ತಿರ ಬಂದರು. ದನಿ ಏರಿಸಲಿಲ್ಲ. "ಅರುವತ್ತಾರು ವರ್ಷಕ್ಕೆ ಮೊದಲ ಸಲ ನನ್ನನ್ನ ಕಳ್ಳ ಅಂತ ನಿಲ್ಲಿಸಿದ್ದಾರೆ. ನಿಮ್ಮ ಗಾಡಿ ನೀವು ಇಟ್ಕೊಳ್ಳಿ. ನಿಮ್ಮ ಮಗಳನ್ನೂ ಇಟ್ಕೊಳ್ಳಿ. ಬಾ ಮೊಯಿನ್," ಅಂದರು.

ಮೊಯಿನ್ ಕದಲಲಿಲ್ಲ. ತೂಬಾ ಚಾದರದ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಮಾಹ್‌ರೊಖ್ ನೆಲ ನೋಡುತ್ತಿದ್ದಳು. ಕೆರಾಮತ್ ಮಗಳ ಮುಖವನ್ನು ಒಮ್ಮೆ ನೋಡಿದ. ಆಮೇಲೆ ಜೇಬಿಗೆ ಕೈಹಾಕಿ ಪಿನ್ನು ತೆಗೆದು, ಅಂಗೈಯಲ್ಲಿಟ್ಟು ಹಾಜಿಯ ಮುಂದೆ ಹಿಡಿದ. ಐವತ್ತೆರಡು ವರ್ಷದಲ್ಲಿ ಅವನು ಸುತ್ತುಬಳಸಿಲ್ಲದೆ ಆಡಿದ ಮೊದಲ ಮಾತನ್ನು ನಾನು ಕೇಳಿದೆ.

"ಹಾಜಿಯವರೇ, ಎಕ್ಸಲ್ ನಟ್ಟು ನಾನು ಬಿಗಿಸಲೇ ಇಲ್ಲ. ಉಸ್ತಾದ್ ಬಿಗಿಸ್ತಾರೆ ಅಂತ ಬಿಟ್ಟೆ. ನೀವು ಎಲ್ಲಾದ್ರೂ ಬಿದ್ದು ಸಾಯ್ತೀರಿ ಅಂತ ಓಡಿ ಬಂದೆ. ಅದನ್ನ ಹೇಳೋಕೆ ನಾಚಿಕೆಯಾಗಿ ಪೊಲೀಸರ ಹತ್ರ ಏನೇನೋ ಹೇಳಿದೆ. ನಂಗೆ ಚಕ್ರ ಹಾಕೋಕೆ ಬರಲ್ಲ. ಕೂಲರೂ ಬರಲ್ಲ. ಯಾವುದೂ ಬರಲ್ಲ. ನನ್ನ ಮಗಳಿಗೆ ಇದರಲ್ಲಿ ಏನೂ ಸಂಬಂಧವಿಲ್ಲ."

ಎಲ್ಲರೂ ಬಗ್ಗಿ ಹಿಂದಿನ ಚಕ್ರ ನೋಡಿದೆವು. ನಟ್ಟು ತಿರುಪಿನ ಕೊನೆಯ ಎಳೆಗೆ ಬಂದು ನಿಂತಿತ್ತು. ಎಕ್ಸಲ್ ಒಂದು ಬೆರಳಿನಷ್ಟು ಆಚೆ ಜಾರಿತ್ತು, ಚಕ್ರ ಒಂದು ಕಡೆಗೆ ವಾಲಿ ಚೈನು ಜೋತುಬಿದ್ದಿತ್ತು. ಆ ಚಕ್ರ ಅಲ್ಲಿ ಇನ್ನೂ ನಿಂತದ್ದು ಬರೀ ಉಪಚಾರಕ್ಕೆ. ಹಾಜಿ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚೌಕದ ಕಟ್ಟೆಯ ಮೇಲೆ ಕೂತು, ಮಿಠಾಯಿ ಡಬ್ಬಿಯ ದಾರ ಬಿಚ್ಚಿ, ಒಂದು ಕೊತ್ತಾಬ್ ಬಾಯಿಗೆ ಹಾಕಿಕೊಂಡರು.

ಸರಿ, ಈಗಲಾದರೂ ಬಿಗಿಸಬೇಕಲ್ಲ. ಉಸ್ತಾದರು ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದು ಹಾಜಿಯ ಮುಂದೆ ಬಂದರು. ಪ್ರಾಣ ಉಳಿದದ್ದು ನಿಮ್ಮದು, ಆದ್ದರಿಂದ ಮೊದಲ ತಿರುವಿನ ಗೌರವ ನಿಮ್ಮದೇ ಎಂದರು. ಹಾಜಿ ಬಾಯಲ್ಲಿ ಮಿಠಾಯಿ ಇದ್ದರೂ ಅಭ್ಯಾಸಬಲದಿಂದ ಎದ್ದು ನಿಂತು, ಉಸ್ತಾದರಿರುವಾಗ ನಾನು ಯಾರು ಎಂದರು. ಉಸ್ತಾದರು ಅಧಿಕಾರಿಯ ಕಡೆ ತಿರುಗಿದರು. ಚೌಕ ಸರ್ಕಾರದ್ದು, ಸರ್ಕಾರವೇ ಶುರುಮಾಡಲಿ ಎಂದರು. ಅಧಿಕಾರಿ ಎದೆಯ ಮೇಲೆ ಕೈಯಿಟ್ಟು, ಬಿಳಿಗಡ್ಡದವರ ಮುಂದೆ ತಾನು ಮಗು ಎಂದ. ಸ್ಪ್ಯಾನರ್ ನನ್ನ ಬಳಿಗೂ ಬಂತು. ನಾನೂ, ದರ್ಜಿಗೆ ಸೂಜಿಗಿಂತ ದಪ್ಪದ್ದು ಹಿಡಿಯುವ ಯೋಗ್ಯತೆ ಇಲ್ಲ ಎಂದು ಮುಂದಕ್ಕೆ ದಾಟಿಸಿದೆ. ಜನರಲ್ಲಿ ಇನ್ನೂ ಕೆಲವರು ಸರದಿಗಾಗಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಆಗ ಚಾದರವನ್ನು ಸೊಂಟಕ್ಕೆ ಬಿಗಿದು ಮಾಹ್‌ರೊಖ್ ಮುಂದೆ ಬಂದಳು. ಯಾರನ್ನೂ ಕೇಳಲಿಲ್ಲ. ಸ್ಪ್ಯಾನರ್ ಯಾರ ಕೈಯಲ್ಲಿತ್ತೋ ಅವರ ಕೈಯಿಂದ ಕಿತ್ತುಕೊಂಡು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಬೈಕಿನ ಪೆಟ್ಟಿಗೆಯಿಂದ ಇನ್ನೊಂದು ಸ್ಪ್ಯಾನರ್ ತೆಗೆದು ಮೊಯಿನ್‌ಗೆ ಕೊಟ್ಟು, ತಲೆ ಎತ್ತದೆ ಹೇಳಿದಳು.

"ನೀವು ಆ ಕಡೆ ಗಟ್ಟಿಯಾಗಿ ಹಿಡ್ಕೊಳ್ಳಿ. ನಾನು ಈ ಕಡೆ ತಿರುಗಿಸ್ತೀನಿ. ಬಿಟ್ಟುಬಿಟ್ರೆ ಎರಡೂ ಒಟ್ಟಿಗೆ ಸುತ್ತುತ್ತೆ."

ಮೊಯಿನ್ ಆಚೆ ಬದಿಯಲ್ಲಿ ಕೂತು ಹಿಡಿದುಕೊಂಡ. ಅವಳು ಮೊದಲು ಎಕ್ಸಲನ್ನು ಒಳಗೆ ತಟ್ಟಿ, ಎರಡೂ ಕಡೆಯ ಗೆರೆ ಸಮ ಬರುವಂತೆ ಚಕ್ರ ನೇರಮಾಡಿ, ಚೈನನ್ನು ಬೆರಳಲ್ಲಿ ಎತ್ತಿ ನೋಡಿ, ಆಮೇಲೆ ಮೈಯ ಭಾರ ಹಾಕಿ ನಟ್ಟು ಬಿಗಿಸಿದಳು. ಅಪ್ಪನ ಅಂಗೈಯಿಂದ ಪಿನ್ನು ತೆಗೆದು, ತೂತಿಗೆ ಹಾಕಿ, ಅದರ ಎರಡು ಕಾಲುಗಳನ್ನು ಅದೇ ಪೆಟ್ಟಿಗೆಯ ಇಕ್ಕಳದಿಂದ ಹಿಂದಕ್ಕೆ ಮಡಚಿದಳು. ಚಕ್ರ ಒಮ್ಮೆ ತಿರುಗಿಸಿದಳು. ನೆಟ್ಟಗೆ ತಿರುಗಿತು. ಅಷ್ಟು ಹೊತ್ತು ಆ ಚೌಕದಲ್ಲಿ ಒಬ್ಬರೂ ಯಾರಿಗೂ ಏನನ್ನೂ ಉಪಚಾರ ಮಾಡಲಿಲ್ಲ.

ಉಸ್ತಾದರು ಬಗ್ಗಿ ಪಿನ್ನು ಮುಟ್ಟಿ ನೋಡಿ, ತಲೆಯಲ್ಲಾಡಿಸಿದರು. ನಲವತ್ತು ವರ್ಷದಲ್ಲಿ ಅವರು ಯಾರನ್ನೂ ಇದಕ್ಕಿಂತ ಹೆಚ್ಚು ಹೊಗಳಿಲ್ಲ.

"ಇದನ್ನ ಯಾರು ಕಲಿಸಿದ್ರಮ್ಮ ನಿಂಗೆ?" ಎಂದು ಹಾಜಿ ಕೇಳಿದರು.

"ಅಪ್ಪ ತಪ್ಪು ಮಾಡೋದನ್ನ ಚಿಕ್ಕವಳಿದ್ದಾಗಿನಿಂದ ಹತ್ತಿರದಿಂದ ನೋಡಿದ್ದೀನಿ ಹಾಜಿಯವರೇ," ಅಂದಳು ಮಾಹ್‌ರೊಖ್. "ಅದರ ತಿರುಗಾಮುರುಗ ಮಾಡಿದ್ರೆ ಸರಿಯಾಗುತ್ತೆ."

ಹಾಜಿಯ ಹುಬ್ಬು ಅಲುಗಾಡಿತು. ಆಮೇಲೆ ಹೊಟ್ಟೆ ಅಲುಗಾಡಿತು. ನಗು ಹೊರಗೆ ಬಂದಾಗ ಬಾಯಲ್ಲಿದ್ದ ಕೊತ್ತಾಬಿನ ಪುಡಿಸಕ್ಕರೆಯೆಲ್ಲ ಅಧಿಕಾರಿಯ ಟೋಪಿಯ ಮೇಲೆ ಹಾರಿತು. ಕೆರಾಮತ್‌ನ ಹೆಗಲ ಮೇಲೆ ಕೈಹಾಕಿ, ಹಿಂದೆ ಹೆಣ್ಣು ಕೇಳಿದ ಮನೆಯವನು ಸುಳ್ಳನ್ನು ಕೊನೆಯವರೆಗೂ ಹಿಡಿದುಕೊಂಡಿದ್ದ, ನೀವು ನಟ್ಟು ಬೀಳುವ ಮೊದಲೇ ಬಿಟ್ಟಿರಿ ಎಂದರು. ಡಬ್ಬಿಯಲ್ಲಿ ಉಳಿದ ಮಿಠಾಯಿ ಅಲ್ಲಿಯೇ ಚೌಕದ ಜನರಿಗೆಲ್ಲ ಹಂಚಿಕೆಯಾಯಿತು. ಕೆರಾಮತ್ ಸಂತೋಷ ತಾಳಲಾರದೆ, ಹಾಜಿಯವರೇ, ಬೈಕು ನಿಮ್ಮದೇ, ಎಂದು ಶುರುಮಾಡುತ್ತಿದ್ದಂತೆ ತೂಬಾ ಚಾದರದ ಅಂಚಿನಿಂದ ಅವನ ಬಾಯಿ ಮುಚ್ಚಿದಳು.

ಎರಡು ತಿಂಗಳಿಗೆ ನಿಕಾಹ್ ಗೊತ್ತಾಯಿತು. ಆ ದಿನ ಮದುವಣಗಿತ್ತಿ ಕನ್ನಡಿ ಮತ್ತು ದೀಪಗಳ ಮುಂದೆ ಮೊಯಿನ್ ಪಕ್ಕದಲ್ಲಿ ಕೂತಿದ್ದಳು, ತಲೆಯ ಮೇಲೆ ಹೆಂಗಸರು ಬಿಳಿ ಬಟ್ಟೆ ಹಿಡಿದು, ಬಾಳು ಸಿಹಿಯಾಗಲೆಂದು ಅದರ ಮೇಲೆ ಸಕ್ಕರೆ ಅಚ್ಚು ಉಜ್ಜುತ್ತಿದ್ದರು. ಆ ಬಟ್ಟೆಯ ಅಂಚು ಹೊಲಿದವನು ನಾನೇ. ಇಂಥ ಹೊತ್ತಿನಲ್ಲಿ ಮುಲ್ಲಾ ಸಾಹೇಬರು ಒಪ್ಪಿಗೆ ಇದೆಯಾ ಎಂದು ಮೂರು ಸಲ ಕೇಳುತ್ತಾರೆ. ಮೊದಲ ಸಲಕ್ಕೆ ಹೆಂಗಸರು ಹುಡುಗಿ ಹೂವು ಕೀಳೋಕೆ ಹೋಗಿದ್ದಾಳೆ ಎಂದು ಕೂಗುತ್ತಾರೆ, ಎರಡನೇ ಸಲಕ್ಕೆ ಪನ್ನೀರು ತರೋಕೆ ಹೋಗಿದ್ದಾಳೆ ಎನ್ನುತ್ತಾರೆ. ಮೂರನೇ ಸಲಕ್ಕೆ ಹುಡುಗಿ ಮೆಲ್ಲಗೆ ಹೂಂ ಅನ್ನಬೇಕು. ನನ್ನ ಅಜ್ಜಿಯ ಕಾಲದಿಂದ ಇದೇ ಕ್ರಮ.

ಮುಲ್ಲಾ ಸಾಹೇಬರು ಮೊದಲ ಸಲ ಕೇಳಿದರು. ಹೆಂಗಸರು ಹೂವಿಗೆ ಕಳಿಸಲು ಬಾಯಿ ತೆರೆಯುವಷ್ಟರಲ್ಲಿ ಮಾಹ್‌ರೊಖ್‌ಳ ಸ್ಪಷ್ಟವಾದ ದನಿ ಕೇಳಿತು. "ಅಪ್ಪ ಅಮ್ಮನ ಅಪ್ಪಣೆಯಿಂದ, ಒಪ್ಪಿದ್ದೀನಿ."

ಸಕ್ಕರೆ ಉಜ್ಜುವ ಕೈಗಳು ನಿಂತವು. ಮುಲ್ಲಾ ಸಾಹೇಬರು ಕನ್ನಡಕ ಸರಿಮಾಡಿಕೊಂಡರು. ಕೇಳಿದ್ದು ಸರಿಯೋ ತಪ್ಪೋ ತಿಳಿಯದೆ, ಕ್ರಮ ಕೆಡಬಾರದೆಂದು ಎರಡನೇ ಸಲ ಕೇಳಲು ಗಂಟಲು ಸರಿಮಾಡಿಕೊಂಡರು. ಮುಂದಿನ ಸಾಲಿನಲ್ಲಿ ಕೆರಾಮತ್ ಅಂಗಿಯ ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡು ಅಳುತ್ತಿದ್ದ. ಅವನ ಪಕ್ಕದಿಂದ ಹಾಜಿ ಸಫ್ದರ್ ಕೈ ಎತ್ತಿದರು.

"ಸಾಕು ಮುಲ್ಲಾ ಸಾಹೇಬ್ರೇ, ಬಿಗಿಯಾಯ್ತು," ಅಂದರು. "ಇನ್ನೂ ತಿರುಗಿಸಿದ್ರೆ ಎಳೆ ಹೋಗುತ್ತೆ."